ಗಲ್ಲಾದಿಂದ ಎತ್ತಿಟ್ಟ ಕಾಸು

ರಾತ್ರಿ ಒಂಬತ್ತೂವರೆಗೆ ಷಟರ್ ಅರ್ಧ ಎಳೆದು ನಾನು ಗಲ್ಲಾಪೆಟ್ಟಿಗೆ ಸುರಿದುಕೊಂಡು ಕೂತೆ ಅಂದ್ರೆ, ಊಟ ಇನ್ನು ಅರ್ಧ ಗಂಟೆ ತಡ ಅಂತ ನಮ್ಮ ಮನೆಯವಳಿಗೆ ಗೊತ್ತು. ಮಂಡ್ಯದ ಗುತ್ತಲು ರಸ್ತೆಯಲ್ಲಿ ನಮ್ಮದೊಂದು ಚಿಲ್ಲರೆ ಅಂಗಡಿ, ಅಪ್ಪನ ಕಾಲದ್ದು. ಹೆಸರಿಗೆ ಚಿಲ್ಲರೆ ಅಂಗಡಿ, ಈಗ ಬೀಳೋ ಚಿಲ್ಲರೆ ಎಷ್ಟು ಹೇಳಿ. ಎರಡು ರೂಪಾಯಿ ಶಾಂಪು ಪೊಟ್ಟಣಕ್ಕೂ ಮೊಬೈಲ್ ತೆಗೆದು ಸ್ಕ್ಯಾನ್ ಮಾಡ್ತಾರೆ. ನಾಣ್ಯ ಬರೋದು ಶಾಲೆ ಮಕ್ಕಳಿಂದ, ವಯಸ್ಸಾದವರಿಂದ, ಮತ್ತೆ ತಿಂಗಳಿಗೊಂದು ಸಲ ತಟ್ಟೆ ಕಾಸು ತಂದು ನೋಟು ಕೇಳೋ ನಮ್ಮ ಬೀದಿ ಪೂಜಾರರಿಂದ. ಅವರದ್ದು ಸುರಿದರೆ ಅಂಗಡಿಯೆಲ್ಲ ಕುಂಕುಮದ ವಾಸನೆ.

ಅದರಲ್ಲೇ ಹಳೇ, ಅಪರೂಪದ ನಾಣ್ಯ ಆರಿಸಿ ಎತ್ತಿಡೋದು ನನ್ನ ಹುಚ್ಚು. ಮೊದಮೊದಲು ಕಣ್ಣಿಗೆ ಬಿದ್ದದ್ದನ್ನೆಲ್ಲ ಎತ್ತಿಡ್ತಿದ್ದೆ. ಒಂದು ದಿನ ಬೆಳಗ್ಗೆ ಹಾಲಿನವನಿಗೆ ಕೊಡೋಕೆ ಎರಡು ರೂಪಾಯಿ ಇಲ್ಲದೆ, ಬೀರುವಿನಲ್ಲಿದ್ದ ನನ್ನ ಬೋರ್ನ್‌ವಿಟಾ ಡಬ್ಬ ಹೊರಬಂತು. ಎಣಿಸಿದರೆ ಸಾವಿರದ ನಾನೂರು ರೂಪಾಯಿ! ಆವತ್ತೇ ಮನೆಯಲ್ಲಿ ಕಾನೂನು ಜಾರಿಯಾಯ್ತು: ಒಂದು ನಾಣ್ಯ ಎತ್ತಿಟ್ಟರೆ ಅಷ್ಟನ್ನೇ ನನ್ನ ಜೇಬಿನಿಂದ ಗಲ್ಲಾಗೆ ಹಾಕಬೇಕು. ಈ ಒಂದು ಕಟ್ಟಳೆಯಿಂದಲೇ ನನಗೆ ಆರಿಸೋದು ಬಂತು ಅನ್ನಬಹುದು. ಬಿಟ್ಟಿ ಸಿಕ್ಕರೆ ಎಲ್ಲವೂ ಅಪರೂಪವಾಗೇ ಕಾಣುತ್ತೆ.

ಈಗ ನನ್ನ ಹತ್ತಿರ ಒಡೆದ ರೇಡಿಯೊ ಸ್ಪೀಕರಿನ ಒಂದು ಅಯಸ್ಕಾಂತ ಇದೆ. ನಾಣ್ಯ ಹರಡಿ ಅದನ್ನು ಮೇಲೆ ಆಡಿಸಿದರೆ ಸ್ಟೀಲಿನ ಒಂದು, ಎರಡು ರೂಪಾಯಿಗಳು ಗೊಂಚಲಾಗಿ ಅಂಟಿಕೊಳ್ತವೆ. ಅವು ಹಾಗೇ ಗಲ್ಲಾಗೆ ವಾಪಸ್. ಅಂಟದೆ ಉಳಿದದ್ದರಲ್ಲಿ ನನ್ನ ಬೇಟೆ. ಹನ್ನೊಂದು ಮೂಲೆಯ ಎರಡು ರೂಪಾಯಿ ನೆನಪಿದೆಯಾ? ಭಾರತದ ನಕ್ಷೆ, ಅದರೊಳಗೆ ಬಾವುಟ. ತೊಂಬತ್ತರ ದಶಕದಲ್ಲಿ ಬಸ್ ಟಿಕೆಟ್ಟಿಗೆ ಅದನ್ನೇ ಕೊಡ್ತಿದ್ದೆವು. ಅದು ತಾಮ್ರ, ನಿಕ್ಕಲ್ ಬೆರೆಸಿದ್ದು, ಆರು ಗ್ರಾಂ. ಅದೇ ಲೋಹದ ದಪ್ಪ ಐದು ರೂಪಾಯಿ ಒಂಬತ್ತು ಗ್ರಾಂ. ಅದನ್ನು ಕರಗಿಸಿ ಬ್ಲೇಡ್ ಮಾಡೋಕೆ ಬಾಂಗ್ಲಾದೇಶಕ್ಕೆ ಸಾಗಿಸ್ತಾರೆ ಅಂತ ಆಗ ಪೇಪರಿನಲ್ಲಿ ಬರ್ತಿತ್ತು. ನಾಣ್ಯ ಕರಗಿಸೋದು ಅಪರಾಧ, 2011ರ ನಾಣ್ಯ ಕಾಯ್ದೆಯಲ್ಲೂ ಇದೆ. ಆಮೇಲೆ 2007ರಲ್ಲಿ ಐದು ರೂಪಾಯಿಯನ್ನೂ ಸ್ಟೀಲಿಗೆ ಇಳಿಸಿದರು, ಮುಂದೆ ಹಿತ್ತಾಳೆ ಬಣ್ಣದ್ದು ಬಂತು. ಹೋದ ಲೋಹ ತಿರುಗಿ ಬರೋದಿಲ್ಲ. ಅದಕ್ಕೇ ಈ ಎರಡು ಸಿಕ್ಕರೆ ನಾನು ಯೋಚನೆ ಮಾಡೋದಿಲ್ಲ, ಜೇಬಿಗೆ ಕೈ ಹಾಕ್ತೀನಿ.

ಅಯಸ್ಕಾಂತ ಒಮ್ಮೆ ನನ್ನನ್ನು ಚೆನ್ನಾಗಿ ಬೇಸ್ತು ಬೀಳಿಸಿದೆ. ಅಪ್ಪನ ಹಳೇ ಪೆಟ್ಟಿಗೆಯಲ್ಲಿ 1964ರ ನೆಹರು ಎಂಟಾಣೆ ಸಿಕ್ಕಿತ್ತು. ಹಿಡಿದರೆ ಟಪ್ಪಂತ ಅಂಟಿತು. ಇದ್ಯಾವುದೋ ಕಬ್ಬಿಣದ ನಕಲಿ, ಅಪ್ಪ ಮೋಸ ಹೋಗಿದ್ದಾರೆ ಅಂತ ಒಂದು ವಾರ ಬೇಜಾರು. ಅದು ಅಪ್ಪಟ ನಿಕ್ಕಲ್ ನಾಣ್ಯ, ನಿಕ್ಕಲ್ ಕೂಡ ಅಯಸ್ಕಾಂತಕ್ಕೆ ಅಂಟುತ್ತೆ ಅಂತ ಆಮೇಲೆ ಗೊತ್ತಾಯ್ತು. ಅಪ್ಪನ ಫೋಟೋ ಮುಂದೆ ಮನಸ್ಸಿನಲ್ಲೇ ತಪ್ಪಾಯ್ತು ಅಂದುಕೊಂಡೆ.

ಇನ್ನೊಂದು ನಾನು ನೋಡೋದು ಇಸವಿಯ ಕೆಳಗೆ. ನೋಟು ನಮ್ಮ ಪಕ್ಕದ ಮೈಸೂರಿನಲ್ಲೇ ಅಚ್ಚಾಗುತ್ತೆ, ನಾಣ್ಯದ ಟಂಕಸಾಲೆ ಇರೋದು ಬೇರೆ ನಾಲ್ಕು ಊರಲ್ಲಿ. ವಜ್ರದ ಚುಕ್ಕಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಮ್ಮ ಮಗಳಿಗೆ ಕೂಡೋ ಲೆಕ್ಕಕ್ಕಿಂತ ಮೊದಲು ಇದು ಬಾಯಿಪಾಠ ಆಯ್ತು. ಈ ಗುರುತುಗಳಿಗಾಗಿ ಒಂದೊಂದನ್ನೂ ಎತ್ತಿಡೋದಿಲ್ಲ, ಅಷ್ಟು ಜೇಬು ನನಗಿಲ್ಲ. ಆದರೆ ಒಂದು ಕಾಲದಲ್ಲಿ ಇಲ್ಲಿ ಸಾಲದೆ ಹೊರದೇಶಗಳಲ್ಲೂ ನಮ್ಮ ನಾಣ್ಯ ಟಂಕಿಸಿದ್ದಾರೆ. 1999ರ, 2000ದ ದಪ್ಪ ಐದು ರೂಪಾಯಿಗಳಲ್ಲಿ ಕೆಲವಕ್ಕೆ ಮಾಸ್ಕೋ ಟಂಕಸಾಲೆಯ ಪುಟಾಣಿ ಅಕ್ಷರಗಳಿವೆ. ಅದೊಂದು ನನ್ನ ಡಬ್ಬದಲ್ಲಿ ಇರಲಿಲ್ಲ. ಈ ಮಾತಿಗೆ ಮತ್ತೆ ಬರ್ತೀನಿ.

ವೈಷ್ಣೋದೇವಿಯ ಐದು, ಹತ್ತು ರೂಪಾಯಿ ಎತ್ತಿಡಬೇಕಾ ಅಂತ ಕೇಳಿಕೊಂಡು ವಾರಕ್ಕೊಬ್ಬರು ಬರ್ತಾರೆ. 2012ರದ್ದು ಅದು, ಅಮ್ಮನವರ ಮೇಲೆ ಭಕ್ತಿ ಇದ್ದರೆ ಖಂಡಿತ ಇಟ್ಟುಕೊಳ್ಳಿ. ಲಕ್ಷಾಂತರ ರೂಪಾಯಿ ಬರುತ್ತೆ ಅಂತ ಮಾತ್ರ ಬೇಡ. ನಮ್ಮ ಬೀದಿಯ ಹುಡುಗನೊಬ್ಬ ಹಾಗೆ ವೀಡಿಯೊ ನೋಡಿ ಫೋನ್ ಮಾಡಿದ. ಮೊದಲು ನೋಂದಣಿಗೆ ಅಂದರು, ಆಮೇಲೆ ತೆರಿಗೆ ಅಂದರು. ಎರಡು ಸಲ ದುಡ್ಡು ಹಾಕಿದ ಮೇಲೆ ಆ ನಂಬರ್ ಸ್ವಿಚ್ ಆಫ್. ರಿಸರ್ವ್ ಬ್ಯಾಂಕ್ 2021ರಲ್ಲೇ ತನ್ನ ಹೆಸರು ಹೇಳಿಕೊಂಡು ಹಳೇ ನಾಣ್ಯ ಕೊಳ್ಳುವವರನ್ನು ನಂಬಬೇಡಿ ಅಂದಿತ್ತು. ಆ ಹುಡುಗ ಇವತ್ತಿಗೂ ನಮ್ಮ ಅಂಗಡಿ ಮುಂದೆ ತಲೆ ತಗ್ಗಿಸಿಕೊಂಡು ಹೋಗ್ತಾನೆ, ಪಾಪ.

ಹತ್ತು ರೂಪಾಯಿ ನಾಣ್ಯದ್ದು ಇದರ ತಿರುಗುಮುರುಗು. ಯಾರಿಗೂ ಬೇಡ. ಹತ್ತು ಗೆರೆಯದ್ದು ಅಸಲಿ, ಹದಿನೈದು ಗೆರೆಯದ್ದು ನಕಲಿ ಅಂತ ಯಾರು ಹಬ್ಬಿಸಿದರೋ. ಅಲ್ಲೀವರೆಗೆ ಬಂದ ಹದಿನಾಲ್ಕು ಬಗೆಯ ಹತ್ತು ರೂಪಾಯಿಯೂ ನಡೆಯುತ್ತೆ ಅಂತ 2018ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದ ಪ್ರಕಟಣೆಯನ್ನು ಗಲ್ಲಾ ಮೇಲೆ ಅಂಟಿಸಿದ್ದೀನಿ. ಓದಿ, ತಲೆಯಾಡಿಸಿ, 'ನೋಟೇ ಕೊಡಣ್ಣ' ಅಂತಾರೆ.

ಹೋದ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಿಂದ ಬಂದ ಅಕ್ಕನ ಮಗ ಒಂದು ಹಿಡಿ ಪೆನ್ನಿ ತಂದುಕೊಟ್ಟ. 'ಮಾವ, ಇದನ್ನ ನಿಲ್ಲಿಸಿಬಿಟ್ರು' ಅಂದ. ಒಂದು ಸೆಂಟಿನ ನಾಣ್ಯಕ್ಕೆ ಮೂರು ಸೆಂಟಿಗಿಂತ ಮೇಲೆ ಖರ್ಚು ಬೀಳ್ತಿತ್ತಂತೆ, 2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಕೊನೆಯದನ್ನು ಟಂಕಿಸಿದರು. ಅಲ್ಲಿನವರೂ ನನ್ನ ಹಾಗೇ ರಾತ್ರಿ ಕೂತು ಆರಿಸ್ತಾರೆ: 1982ಕ್ಕೆ ಹಿಂದಿನದ್ದು ಬಹುಪಾಲು ತಾಮ್ರ, ಆಮೇಲಿನದ್ದು ಸತುವಿಗೆ ತಾಮ್ರದ ಲೇಪ. 1982ರಲ್ಲಿ ಮಾತ್ರ ಎರಡೂ ಬಂದವು, ತೂಗಿದರೇ ತಿಳಿಯೋದು. ಮೂರು ಗ್ರಾಂ ದಾಟಿದರೆ ತಾಮ್ರ, ಎರಡೂವರೆ ಇದ್ದರೆ ಸತು. ನಮ್ಮ ಅಂಗಡಿ ತಕ್ಕಡಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು. ಪೇಟೆ ಬೀದಿಯ ಪರಿಚಯದ ಚಿನ್ನದಂಗಡಿಗೆ ಹೋಗಿ ತೂಗಿಸಿದೆ. 1982ರ ನಾಲ್ಕರಲ್ಲಿ ಒಂದು ತಾಮ್ರದ್ದು. ಅಂಗಡಿಯವರು 'ಹಾಲ್‌ಮಾರ್ಕ್ ಹಾಕಿಕೊಡ್ಲಾ ಸ್ವಾಮಿ?' ಅಂದರು.

ಮಾಸ್ಕೋ ನಾಣ್ಯಕ್ಕೆ ಬರ್ತೀನಿ. ನಮ್ಮವ್ವ ವರ್ಷಗಟ್ಟಲೆ ಮಾದಪ್ಪನಿಗೆ ಮುಡಿಪು ಕಟ್ಟುತ್ತೆ, ಅರಿಶಿನದ ಬಟ್ಟೆಯಲ್ಲಿ. ಕೈಗೆ ಸಿಕ್ಕ ಕಾಸು ಹಾಕೋದು, ಇಸವಿ ಗಿಸವಿ ಏನೂ ಇಲ್ಲ. ಈ ಸಲ ಶಿವರಾತ್ರಿಗೆ ಬೆಟ್ಟಕ್ಕೆ ಹೊರಡೋವಾಗ ಬಟ್ಟೆ ಜೀರ್ಣವಾಗಿದೆ ಅಂತ ಹೊಸದಕ್ಕೆ ಸುರಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಅರಿಶಿನ ಮೆತ್ತಿದ ದಪ್ಪ ಐದು ರೂಪಾಯಿ, 1999. ಹೆಬ್ಬೆರಳಲ್ಲಿ ಉಜ್ಜಿದರೆ ಕೆಳಗೆ ಆ ಮೂರು ಅಕ್ಷರ.

'ಅವ್ವ, ಇದಕ್ಕೆ ನೂರು ರೂಪಾಯಿ ಹಾಕ್ತೀನಿ, ಇದೊಂದು ಕೊಡವ್ವ' ಅಂದೆ.

'ನೂರೂ ಹಾಕು. ಅದ್ನೂ ಹಾಕು. ಅದು ಮಾದಪ್ಪುಂದು ಕಣ್ಲಾ' ಅಂದಳು.

ಎರಡನ್ನೂ ಹಾಕಿದೆ. ಬೆಟ್ಟದಲ್ಲಿ ಹುಂಡಿ ಮುಂದೆ ಮುಡಿಪು ಬಿಚ್ಚಿ ಸುರಿಯೋವಾಗ ಅವ್ವ ನನ್ನ ಮುಖ ನೋಡಿ, ಆ ಐದು ರೂಪಾಯಿಯನ್ನು ಬೇರೆ ತೆಗೆದು ನನ್ನ ಕೈಗೇ ಕೊಟ್ಟಳು, ನೀನೇ ಹಾಕು ಅಂತ.