ಬೀಗ ಬಿದ್ದ ಊರಿನಲ್ಲಿ ಹಾರ್ಟ್ ಫೇಲ್ಯೂರ್ ವಾರ್ಡಿನ ಒಂದು ದಿನ

2020ರ ಜುಲೈ 14ರ ರಾತ್ರಿಯಿಂದ ಕೋವಿಡ್ ಲಾಕ್‌ಡೌನಿನಿಂದ ಬೆಂಗಳೂರಿಗೆ ಮತ್ತೆ ಬೀಗ ಬಿತ್ತು. ಆ ವಾರದ ಒಂದು ಬೆಳಿಗ್ಗೆ ಹಾರ್ಟ್ ಫೇಲ್ಯೂರ್ ಒಪಿಡಿಯ ಬೆಂಚುಗಳೆಲ್ಲ ಖಾಲಿ, ಫೋನಿಗೆ ಮಾತ್ರ ಬಿಡುವಿಲ್ಲ. ಹೃದಯದ ಪಂಪಿಂಗ್ ಕುಗ್ಗಿದವರ ಆರೈಕೆ ನಿಂತಿರುವುದೇ ಆಗಾಗ ಮಾಡುವ ಸಣ್ಣ ತಿದ್ದುಪಡಿಗಳ ಮೇಲೆ. ಬಸ್ಸು ನಿಂತ ಕೂಡಲೇ ಅವೂ ನಿಂತವು.

ಫೋನಿನಲ್ಲಿ ಮೊದಲ ಪ್ರಶ್ನೆ ತೂಕದ್ದು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಪ್ರತಿದಿನ ಅದೇ ಯಂತ್ರದಲ್ಲಿ ನೋಡಿದ ತೂಕ. ಮೂರು ದಿನದಲ್ಲಿ 2 ಕೆಜಿ ಏರಿದ್ದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಎಂದೇ ಅರ್ಥ. ಯಂತ್ರ ಇಲ್ಲದ ಮನೆಯಲ್ಲಿ ಕಣಕಾಲಿನ ಮೇಲಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿ, ಗುಳಿ ಉಳಿಯುತ್ತದೆಯೇ ನೋಡಿ ಎನ್ನಬೇಕು. ರಾತ್ರಿ ಎಷ್ಟು ದಿಂಬು ಬೇಕು? ಮಲಗಿದರೆ ಕೆಮ್ಮು ಬಂದು ಎದ್ದು ಕೂರಬೇಕಾಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಮನೆಯವರು ತಡವರಿಸುತ್ತಿದ್ದರು. ಕೆಮ್ಮು ಎಂದರೆ ಕೋವಿಡ್ ಎಂದು ಬಾಗಿಲಿಗೆ ಪಟ್ಟಿ ಕಟ್ಟುತ್ತಾರೆಂಬ ಭಯ. ಹಾಗೆ ಮುಚ್ಚಿಟ್ಟ ಕೆಮ್ಮು ಎಷ್ಟೋ ಮಂದಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದ್ದ ಸೂಚನೆಯಾಗಿತ್ತು.

ಊಟದ ವಿಚಾರ ಕೇಳಿದರೆ ಕಾರಣ ಹೊರಬೀಳುತ್ತಿತ್ತು. ದಿನಕ್ಕೆ ಒಂದೂವರೆ ಲೀಟರ್ ದ್ರವ ಸಾಕು ಎಂದು ಬರೆದುಕೊಟ್ಟಿದ್ದವರೂ ಗಂಟೆಗೊಮ್ಮೆ ಬಿಸಿನೀರು, ಮೇಲೆ ಮೂರು ಲೋಟ ಕಷಾಯ ಕುಡಿಯುತ್ತಿದ್ದರು. ಕಷಾಯಕ್ಕೆ ಜ್ಯೇಷ್ಠಮಧು ಹಾಕಿದರೆ ಇನ್ನೂ ಕಷ್ಟ: ಅದು ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ತರಕಾರಿ ಸಿಗದ ದಿನ ತಟ್ಟೆಗೆ ಬರುತ್ತಿದ್ದದ್ದು ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಮೈಕೈ ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತಿತ್ತು. ಬಿಪಿ, ಹೃದಯದ ಮಾತ್ರೆಗಳಾದ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ನುಂಗಿದರೆ ಕೋವಿಡ್ ಬೇಗ ಹಿಡಿಯುತ್ತದೆ ಎಂಬ ವಾಟ್ಸ್ಆ್ಯಪ್ ಮಾತು ನಂಬಿ ಬಿಟ್ಟವರೂ ಇದ್ದರು. ಯುರೋಪಿನ ಹೃದ್ರೋಗ ತಜ್ಞರು ಮಾರ್ಚ್‌ನಲ್ಲೇ ನಿಲ್ಲಿಸಬೇಡಿ ಎಂದಿದ್ದರು. ಆ ಮಾತು ಹಳ್ಳಿಯ ಫೋನಿಗೆ ತಲುಪಲಿಲ್ಲ.

ತೂಕ ಏರಿದ್ದರೆ ನೀರಿನ ಮಾತ್ರೆ ಫ್ಯುರೋಸೆಮೈಡ್ 40 ಮಿಗ್ರಾಂ ಅನ್ನು ಕೆಲವು ದಿನ ಎರಡು ಹೊತ್ತು ಮಾಡುತ್ತೇವೆ. ಹೊಟ್ಟೆಯೂ ಉಬ್ಬಿದ್ದರೆ ಫೋನಿನ ಸಲಹೆ ಸಾಲದು. ಕರುಳೇ ಊದಿಕೊಂಡಾಗ ಅದು ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಔಷಧ ರಕ್ತನಾಳಕ್ಕೇ ಹೋಗಬೇಕು. ಅಂಥವರನ್ನು ಬನ್ನಿ ಎಂದು ಒತ್ತಾಯಿಸಬೇಕಾಗುತ್ತಿತ್ತು.

ಬಂದವರೂ ನೇರವಾಗಿ ಹೃದಯದ ವಾರ್ಡಿಗೆ ಬರುವಂತಿರಲಿಲ್ಲ. ಆ ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದ ಒಬ್ಬ ಹಿರಿಯರು ಆರ್‌ಟಿ-ಪಿಸಿಆರ್ ವರದಿ ಬರುವ ತನಕ ಶಂಕಿತರ ವಾರ್ಡಿನಲ್ಲಿರಬೇಕಿತ್ತು. ಎಕ್ಸ್‌ರೇಯಲ್ಲಿ ಎರಡೂ ಕಡೆ ಬಿಳಿ. ಕೋವಿಡ್ ನ್ಯುಮೋನಿಯಾದ ಕಲೆಗಳು ಹೆಚ್ಚಾಗಿ ಅಂಚಿನಲ್ಲಿರುತ್ತವೆ; ಇವರದ್ದು ನಡುವಿನಿಂದ ಹರಡಿತ್ತು, ಹೃದಯ ದೊಡ್ಡದಾಗಿತ್ತು, ಬಲಗಡೆ ಶ್ವಾಸಕೋಶದ ಪೊರೆಯಲ್ಲಿ ನೀರಿತ್ತು. ಎನ್‌ಟಿ-ಪ್ರೊಬಿಎನ್‌ಪಿ ಎಂಬ, ಹೃದಯದ ಒತ್ತಡ ತೋರಿಸುವ ರಕ್ತದ ಅಂಶ ಏರಿದ್ದರಿಂದಲೇ ತೀರ್ಮಾನಿಸಲಾಗದು, ಕೋವಿಡ್‌ನಲ್ಲೂ ಅದು ಏರುತ್ತದೆ. ಜ್ವರವಿಲ್ಲ, ಕುತ್ತಿಗೆಯ ರಕ್ತನಾಳ ಉಬ್ಬಿದೆ, ಕಾಲು ಬಾತಿದೆ. ವರದಿಗೆ ಕಾಯುತ್ತಾ ಸಲೈನ್ ಹನಿಸಿದರೆ ಇಂಥವರು ಮುಳುಗಿಬಿಡುತ್ತಾರೆ.

ಫ್ಯುರೋಸೆಮೈಡನ್ನು ಮನೆಯಲ್ಲಿ ದಿನಕ್ಕೆ 80 ಮಿಗ್ರಾಂ ನುಂಗುತ್ತಿದ್ದವರಿಗೆ ಅಷ್ಟನ್ನೇ ಇಂಜೆಕ್ಷನ್ನಾಗಿ ಕೊಟ್ಟೆವು. ಮೊದಲ ಆರು ಗಂಟೆ ಮೂತ್ರ ಗಂಟೆಗೆ 100ರಿಂದ 150 ಮಿಲೀ ಆದರೂ ಬರಬೇಕು. ಇಲ್ಲದಿದ್ದರೆ ಡೋಸ್ ದುಪ್ಪಟ್ಟು. ಪಿಪಿಇ ಎಂಬ ಮೈಮುಚ್ಚುವ ರಕ್ಷಾ ಉಡುಪಿನ ಕಾಲದಲ್ಲಿ ಇದೇ ದೊಡ್ಡ ಪೇಚು. ಅಳೆಯಲು ಗಂಟೆಗೊಮ್ಮೆ ಒಳಗೆ ಹೋಗುವುದು ಸಾಧ್ಯವಿಲ್ಲ. ಕ್ಯಾಥೆಟರ್ ಚೀಲವನ್ನು ಗಾಜಿನ ಬಾಗಿಲಿಗೆ ಎದುರಾಗಿ ತೂಗುಹಾಕಿ, ಗೆರೆಗಳನ್ನು ದಪ್ಪ ಮಾರ್ಕರ್‌ನಿಂದ ತಿದ್ದಿದರೆ ಹೊರಗಿನಿಂದಲೇ ಓದಬಹುದು. ಬಿಪಿ, ರಕ್ತದ ಮಾದರಿ, ಮುಂದಿನ ಡೋಸ್ ಎಲ್ಲ ಒಂದೇ ಭೇಟಿಯಲ್ಲಿ. ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಯಂತ್ರ ಹಾಕಿದರೆ ಉಸಿರು ಬೇಗ ಹಗುರವಾಗುತ್ತದೆ, ಆದರೆ ವೈರಸ್ ಹರಡುವ ಭಯದಿಂದ ಎಲ್ಲರೂ ಹಿಂಜರಿಯುತ್ತಿದ್ದರು. ರಂಧ್ರವಿಲ್ಲದ ಮಾಸ್ಕ್ ಬಿಗಿಯಾಗಿ ಕೂರಿಸಿ, ಉಸಿರು ಹೊರಹೋಗುವ ದಾರಿಗೆ ಮುನ್ನ ವೈರಲ್ ಫಿಲ್ಟರ್ ಜೋಡಿಸಿ ಶುರುಮಾಡಿದೆವು. ವರದಿ ನೆಗೆಟಿವ್ ಬರುವಷ್ಟರಲ್ಲಿ ಅವರು ಒರಗಿ ಮಲಗುವಂತಾಗಿದ್ದರು.

ಬಿಡುಗಡೆಯ ಚೀಟಿಯಲ್ಲಿ ಒಣಗಿದ ಮೈಯ ತೂಕವನ್ನು, ಅಂದರೆ ಹೆಚ್ಚಿನ ನೀರು ಇಳಿದ ಮೇಲಿನ ತೂಕವನ್ನು, ದೊಡ್ಡದಾಗಿ ಬರೆಯುತ್ತೇವೆ. ಪೊಟ್ಯಾಸಿಯಂ ಏರಿಸಬಲ್ಲ ಸ್ಪೈರೊನೊಲ್ಯಾಕ್ಟೋನ್ 25 ಮಿಗ್ರಾಂ ಮಾತ್ರೆ ಹೊಸದಾಗಿ ಸೇರಿದ್ದರೆ ಒಂದು ವಾರಕ್ಕೆ, ಮತ್ತೆ ನಾಲ್ಕು ವಾರಕ್ಕೆ ರಕ್ತದಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಲೇಬೇಕು. ಅಲ್ಲಿಯವರೆಗೆ ಪೊಟ್ಯಾಸಿಯಂ ತುಂಬಿದ ಎಳನೀರು ಬೇಡ. ಪೊಟ್ಯಾಸಿಯಂ 5.5 ದಾಟಿದರೆ ಮಾತ್ರೆ ಅರ್ಧ, 6 ದಾಟಿದರೆ ಪೂರ್ತಿ ನಿಲ್ಲಿಸಿ ತಕ್ಷಣ ಬರಬೇಕು. ಅವರ ಊರಿನ ಲ್ಯಾಬ್ ತೆರೆದಿದೆಯೇ ಎಂದು ಮೊದಲೇ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಆ ಮಾತ್ರೆಯನ್ನು ಚೀಟಿಗೆ ಸೇರಿಸುತ್ತಿದ್ದೆವು.