ದೂರದಿಂದ ಹಾಕಿದ್ರೆ ಎರಡು

ಇವತ್ತು ಊಟ ಮಾಡ್ತಾ 2020ರ ಸೂಪರ್ ನೆಟ್‌ಬಾಲ್ (ಆಸ್ಟ್ರೇಲಿಯಾದ ಮಹಿಳೆಯರ ನೆಟ್‌ಬಾಲ್ ಲೀಗ್) ಫೈನಲ್ ಮತ್ತೆ ಹಾಕಿದ್ದೆ. ಮೆಲ್ಬರ್ನ್ ವಿಕ್ಸೆನ್ಸ್ 66, ವೆಸ್ಟ್ ಕೋಸ್ಟ್ ಫೀವರ್ 64.

ಎರಡೇ ಎರಡು ಗೋಲು. ಅಂದ್ರೆ ಒಂದು ಸೂಪರ್ ಶಾಟ್.

ಆ ನಿಯಮ ಬಂದದ್ದೂ ಅದೇ ವರ್ಷ. ಪ್ರತಿ ಕ್ವಾರ್ಟರಿನ ಕೊನೆಯ 5 ನಿಮಿಷ, 3ರಿಂದ 4.9 ಮೀಟರ್ ದೂರದಿಂದ ಹಾಕಿದ್ರೆ ಎರಡು ಅಂಕ. ಹೇಳೋಕೆ ಸುಲಭ. ರಿಂಗ್ ಹಿಂದೆ ಬೋರ್ಡೇ ಇರಲ್ಲ (ಬಾಸ್ಕೆಟ್‌ಬಾಲ್ ನೋಡಿ ಬಂದವರು ಎಡವೋದು ಇಲ್ಲೇ). ಚೆಂಡು ಹಿಡಿದ 3 ಸೆಕೆಂಡಲ್ಲಿ ಬಿಡ್ಬೇಕು. ಡಿಫೆಂಡರ್ 90 ಸೆಂ.ಮೀ. ಆಚೆ ಕೈ ಚಾಚಿ ನಿಂತಿರ್ತಾಳೆ. ಆ ಕೈ ತಪ್ಪಿಸೋಕೆ ಅಂತ ಹಿಂದಕ್ಕೆ ವಾಲಿದ್ರೆ ಮೊಣಕಾಲಿನ ಬಲ ಸಿಗಲ್ಲ, ಚೆಂಡು ರಿಂಗ್ ಮುಟ್ಟೋ ಮೊದಲೇ ಬಿದ್ದು ಹೋಗುತ್ತೆ.

ಫೀನಿಕ್ಸ್, ಕೆಸ್ಟ್ರೆಲ್ಸ್ ಅನ್ನೋ ಎರಡು ಮೆಲ್ಬರ್ನ್ ತಂಡಗಳ ಜಾಗಕ್ಕೆ 2008ರಲ್ಲಿ ಬಂದದ್ದು ವಿಕ್ಸೆನ್ಸ್. ಮರುವರ್ಷವೇ ಕಪ್. ಆಮೇಲೆ 2014, 2020.

2025ರಲ್ಲೂ ಫೈನಲ್‌ಗೆ ಸಿಕ್ಕಿದ್ದು ಅದೇ ಫೀವರ್. 59-58! ಪಾಪ, ಅವರ ಅಭಿಮಾನಿಗಳ ಹೊಟ್ಟೆ ಉರಿದಿರತ್ತೆ.

ಏನೇ ಹೇಳಿ, ಈ ಸೂಪರ್ ಶಾಟ್ ನನಗಿನ್ನೂ ಒಗ್ಗಿಲ್ಲ. ರಿಂಗ್ ಕೆಳಗೆ ಗುದ್ದಾಡಿ ಜಾಗ ಹಿಡಿದವಳಿಗೆ ಒಂದು, ದೂರ ನಿಂತವಳಿಗೆ ಎರಡಾ?