ಮೊದಲ ಸ್ಕ್ರೀನ್‌ನಲ್ಲೇ ನಿಂತ ಹೆಬ್ಬೆರಳು

ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ವಿಡಿಯೋ ಗೇಮ್‌ಗಳಲ್ಲಿ ಕ್ವಿಯರ್ ಜನರನ್ನು, ಅಂದರೆ ಸಲಿಂಗಿಗಳು, ಟ್ರಾನ್ಸ್ ಜನ ಮುಂತಾದವರನ್ನು, ಹೇಗೆ ತೋರಿಸುತ್ತಾರೆ ಅನ್ನೋದು ನನ್ನ ಸಂಶೋಧನೆ. ಮೊದಮೊದಲು ನಾನು ಮಾಡಿದ್ದೆಲ್ಲ ಪಾತ್ರ ಹುಡುಕುವ ಕೆಲಸ. 1989ರ ‘ಕೇಪರ್ ಇನ್ ದ ಕ್ಯಾಸ್ಟ್ರೊ’ದ ಲೆಸ್ಬಿಯನ್ ಪತ್ತೇದಾರಿಯಿಂದ ಹಿಡಿದು 2020ರ ‘ಟೆಲ್ ಮಿ ವೈ’ನ ಟ್ರಾನ್ಸ್ ಯುವಕ ಟೈಲರ್‌ವರೆಗೆ. ಗೇಮ್, ವರ್ಷ, ಪಾತ್ರ, ಕೊನೆಗೆ ಅವರಿಗೆ ಏನಾಯಿತು, ಎಲ್ಲ ಎಕ್ಸೆಲ್ ಶೀಟ್‌ಗೆ.

ಆ ಶೀಟ್ ಸಾಲದು ಅಂತ ಗೊತ್ತಾಗಿದ್ದು ಒಂದು ಮಧ್ಯಾಹ್ನ. ವಿದ್ಯಾರ್ಥಿಗಳ ಜೊತೆ ಸೇರಿ ಕನ್ನಡದಲ್ಲೇ ಒಂದು ಚಿಕ್ಕ ಮೊಬೈಲ್ ಗೇಮ್ ಮಾಡಿದ್ದೆವು. ಊರಿಂದ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದವರು ಬಾಡಿಗೆ ಮನೆ ಹುಡುಕುವ ಕಥೆ. ಸಂಗಾತಿ ಯಾರು ಅನ್ನೋದು ಆಡುವವರಿಗೇ ಬಿಟ್ಟದ್ದು. ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು, ಯಾವುದಕ್ಕೂ ತಡೆ ಇಲ್ಲ. ಅದರ ಬಗ್ಗೆ ನಮಗೆ ತುಂಬಾ ಹೆಮ್ಮೆ ಇತ್ತು.

ಆಡಿ ನೋಡಲು ಪೀಣ್ಯ ಕಡೆಯಿಂದ ಒಬ್ಬರು ಮೆಟ್ರೋದಲ್ಲಿ ಬಂದರು. ಫೋನ್ ಕೈಗೆ ಕೊಟ್ಟೆ. ಮೊದಲ ಸ್ಕ್ರೀನ್‌ನಲ್ಲಿ ಎರಡು ಚಿತ್ರ: ಪ್ಯಾಂಟು ಶರ್ಟಿನ ಹುಡುಗ, ಚೂಡಿದಾರದ ಹುಡುಗಿ. ಅವರ ಹೆಬ್ಬೆರಳು ಎರಡರ ನಡುವೆ ನಿಂತುಬಿಟ್ಟಿತು. ಎಡಕ್ಕೆ ಹೋಯಿತು, ವಾಪಸ್ ಬಂತು. ಸ್ಕ್ರೀನಿನ ಬೆಳಕು ಮಂಕಾಯಿತು. ಖಾಲಿ ಜಾಗ ನೋಡಿ ಮುಟ್ಟಿ ಮತ್ತೆ ಬೆಳಕು ಬರಿಸಿದರು. ಆಮೇಲೆ ಕೇಳಿದರು, “ಮೇಡಂ, ಯಾವುದಾದ್ರೂ ಒಂದು ಒತ್ತಲೇಬೇಕಾ?”

ನನಗೆ ಮಾತೇ ಹೊರಡಲಿಲ್ಲ. ತನ್ನ ಲಿಂಗ ಯಾವುದು ಅಂತ ಹೇಳುವ ಹಕ್ಕು ಅವರವರದ್ದೇ ಅಂತ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಅದನ್ನು ಹೇಳಿಕೊಡುವವಳು ನಾನೇ. ನನ್ನದೇ ಗೇಮ್‌ನ ಬಾಗಿಲಲ್ಲಿ ಅವರಿಗೆ ಜಾಗ ಇರಲಿಲ್ಲ.

‘ಇತರೆ’ ಅಂತ ಮೂರನೇ ಚಿತ್ರ ಇಡೋಣ ಅಂದ ಒಬ್ಬ ವಿದ್ಯಾರ್ಥಿ. ಬೇಡ ಅಂದೆ. ಅರ್ಜಿ ಫಾರಂಗಳಲ್ಲಿ ಆ ಪದ ನೋಡಿ ನೋಡಿ ನೊಂದವರು ಎಷ್ಟು ಜನ! ‘ದ ಸಿಮ್ಸ್ 4’ ಗೇಮ್ 2016ರ ಅಪ್‌ಡೇಟ್‌ನಲ್ಲಿ ಮೈಕಟ್ಟು, ಬಟ್ಟೆ, ನಡಿಗೆ, ದನಿ ಎಲ್ಲವನ್ನೂ ಬಿಡಿಬಿಡಿಯಾಗಿ ಆರಿಸಲು ಬಿಟ್ಟಿತು. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲೂ ದೇಹ ಬೇರೆ, ದನಿ ಬೇರೆ, ಗುರುತು ಬೇರೆ. ಒಳ್ಳೆಯ ದಾರಿಯೇ. ಆದರೆ ನಮಗೆ ಬೇಕಾದ್ದು ನಮ್ಮ ಭಾಷೆಯಲ್ಲೇ ಇತ್ತು.

ಸಂಭಾಷಣೆ ಪ್ರಿಂಟ್ ತೆಗೆದು ಸಾಲು ಸಾಲಾಗಿ ಓದಿದೆವು. ‘ನಾನು ಬಂದೆ’ ಅಂದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ‘ನೀನು ಬಂದೆ’, ‘ನೀವು ಬಂದಿರಿ’, ಅಲ್ಲೂ ಇಲ್ಲ. ಹಿಂದಿಯಲ್ಲಾದರೆ ‘ನಾನು ಹೋಗ್ತೀನಿ’ ಅನ್ನೋಕೂ ಲಿಂಗ ಬೇಕು. ನಮ್ಮಲ್ಲಿ ಅದು ಬರುವುದು ಬೇರೆಯವರು ನಮ್ಮ ಬಗ್ಗೆ ಮಾತಾಡುವಾಗ: ಬಂದ, ಬಂದಳು. ಅಲ್ಲೂ ‘ಬಂದರು’ ಅಂದರೆ ಮರ್ಯಾದೆಯೂ ಆಯಿತು, ಯಾರನ್ನೂ ಗಂಡು ಹೆಣ್ಣು ಅಂತ ವಿಂಗಡಿಸಬೇಕಾಗಿಯೂ ಇಲ್ಲ. ಮನೆ ನೋಡಲು ಬಂದವರನ್ನು ಓನರ್ ಆಂಟಿ ಏಕವಚನದಲ್ಲಿ ಮಾತಾಡಿಸುವುದಿಲ್ಲ, ಅಲ್ವಾ? ತಿದ್ದಬೇಕಾದ ಸಾಲುಗಳು ಬೆರಳೆಣಿಕೆಯಷ್ಟು. ಅಷ್ಟಕ್ಕಾಗಿ ಎಲ್ಲರನ್ನೂ ಬಾಗಿಲಲ್ಲೇ ತಡೆದು ಕೇಳುತ್ತಿದ್ದೆವು.

ಆ ಸ್ಕ್ರೀನ್ ತೆಗೆದುಹಾಕಿದೆವು. ಈಗ ಗೇಮ್ ಶುರುವಾಗುವುದು ಊರಿಂದ ತಂದ ಬ್ಯಾಗ್ ಬಿಚ್ಚುವುದರಿಂದ. ಪಂಚೆ, ಜೀನ್ಸ್, ಸೀರೆ, ಶರ್ಟು, ಎಲ್ಲ ಒಟ್ಟಿಗೇ ಇವೆ. ಬೇಕಾದ್ದು ಹಾಕಿಕೊಳ್ಳಬಹುದು. ನನ್ನ ಶೀಟ್‌ಗೂ ಒಂದು ಕಾಲಂ ಸೇರಿಸಿದೆ: ಕಥೆ ಶುರುವಾಗುವ ಮುಂಚೆ ಗೇಮ್ ಏನೇನು ಕೇಳುತ್ತದೆ? ಅದಕ್ಕಾಗಿ ಹಳೆಯ ಗೇಮ್‌ಗಳನ್ನೆಲ್ಲ ಮತ್ತೆ ಮೊದಲಿಂದ ಆಡುತ್ತಿದ್ದೇನೆ.

ಪೀಣ್ಯದವರು ಕಳೆದ ತಿಂಗಳು ಮತ್ತೆ ಬಂದಿದ್ದರು. ಗೇಮ್‌ನಲ್ಲಿ ಓನರ್ ಆಂಟಿ ಒಳಗೆ ತಿರುಗಿ ಕೂಗುತ್ತಾರೆ, “ರೀ, ಮನೆ ನೋಡೋಕೆ ಬಂದಿದ್ದಾರೆ!” ಆ ಸಾಲನ್ನು ಅವರು ಎರಡು ಸಲ ಓದಿದರು. ಮುಖ ಅರಳಿತು. ಮುಂದಿನ ಸಾಲಿನಲ್ಲಿ ಆಂಟಿ ಸಂಗಾತಿಯ ಕಡೆ ನೋಡಿ, “ಇವರು ನಿಮಗೇನಾಗಬೇಕು?” ಅಂತಾರೆ. ನಾವು ಕೊಟ್ಟಿದ್ದ ಉತ್ತರಗಳು ಫ್ರೆಂಡ್, ಕಸಿನ್, ಪಾರ್ಟ್ನರ್. ಹೆಬ್ಬೆರಳು ಮತ್ತೆ ನಿಂತಿತು. ಅಲ್ಲಿ ಏನೇನು ಇರಬೇಕು ಅಂತ ಈ ವಾರ ಅವರನ್ನೂ ಕೂರಿಸಿಕೊಂಡು ಬರೆಯುತ್ತಿದ್ದೇವೆ.